ನೆರಳಿಲ್ಲದ ಮಧ್ಯಾಹ್ನ, ನೆಲದಡಿಯ ನೀರು

ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳಿಗೆ ವಿಜ್ಞಾನ ತೋರಿಸಲು ಬೆಂಗಳೂರಿಗೆ ಬಸ್ಸು ಮಾಡಬೇಕಿಲ್ಲ. ಊರಿನ ಪತ್ರಿಕೆ ಅರ್ಧ ಪುಟ ಕೊಟ್ಟರೆ, ಜಾತ್ರೆಯ ಬಯಲು ಒಂದು ಮೂಲೆ ಬಿಟ್ಟುಕೊಟ್ಟರೆ ಸಾಕು.

ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಕಡೂರಿನ ಧ್ವಜಸ್ತಂಭಗಳಿಗೆ ಕೆಲವು ನಿಮಿಷ ನೆರಳೇ ಇರುವುದಿಲ್ಲ. ಸೂರ್ಯ ನೆತ್ತಿಗೆ ನೇರ ಬಂದಿರುತ್ತಾನೆ. ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಬರುತ್ತಾನೆ, ಆದರೆ ಮಳೆಗಾಲದ ಮೋಡ ಅವನನ್ನು ಬಿಟ್ಟುಕೊಡುವುದು ಕಷ್ಟ. ಗಡಿಯಾರ ಮಾತ್ರ ಹನ್ನೆರಡು ದಾಟಿ ಇಪ್ಪತ್ತೈದು ನಿಮಿಷ ಎನ್ನುತ್ತಿರುತ್ತದೆ. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಕಡೂರು ಇರುವುದು 76ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಮಕ್ಕಳೇ ಲೆಕ್ಕ ಹಾಕಲಿ.

ಇದರಲ್ಲಿ ಇನ್ನೊಂದು ಸೊಗಸಿದೆ. ಹಾಸನ, ಕಡೂರು, ಅಜ್ಜಂಪುರ, ದಾವಣಗೆರೆ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ ಸಾಲಾಗಿ ಕೂತಿವೆ. ಸುಮಾರು 2,200 ವರ್ಷಗಳ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ನೆರಳು ಅಳೆದು ಭೂಮಿಯ ಸುತ್ತಳತೆ ಕಂಡುಕೊಂಡದ್ದು ಇಂಥ ಸಾಲನ್ನೇ ನಂಬಿ. ನಮ್ಮ ಮಕ್ಕಳೂ ಅದನ್ನೇ ಮಾಡಬಹುದು. ಆದರೆ ಕಡೂರಿನಿಂದ ಅಜ್ಜಂಪುರಕ್ಕೆ ಉತ್ತರ ದಿಕ್ಕಿನ ದೂರ ಇಪ್ಪತ್ತೇ ಕಿಲೋಮೀಟರು. ಒಂದು ಮೀಟರ್ ಕೋಲಿನ ನೆರಳಿನಲ್ಲಿ ಬರುವ ವ್ಯತ್ಯಾಸ ಮೂರು ಮಿಲಿಮೀಟರು, ಪೆನ್ಸಿಲ್ ಗೆರೆಯೇ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಹಾಸನದ ಒಂದು ಶಾಲೆಯನ್ನೂ ದಾವಣಗೆರೆಯ ಒಂದು ಶಾಲೆಯನ್ನೂ ಜೊತೆಗೆ ಸೇರಿಸಿಕೊಳ್ಳಬೇಕು. ಕಡೂರಿನಲ್ಲಿ ನೆರಳು ಮಾಯವಾದ ಹೊತ್ತಿಗೆ ಹಾಸನದ ಕೋಲು ದಕ್ಷಿಣಕ್ಕೆ ಸುಮಾರು ಒಂದು ಸೆಂಟಿಮೀಟರ್ ನೆರಳು ಚೆಲ್ಲಿದರೆ, ದಾವಣಗೆರೆಯ ಕೋಲು ಉತ್ತರಕ್ಕೆ ಒಂದೂವರೆ ಸೆಂಟಿಮೀಟರ್ ಚೆಲ್ಲಿರುತ್ತದೆ. ನಡುವಿನ ದೂರ 160 ಕಿ.ಮೀ., ಕೋನ ಒಂದೂವರೆ ಡಿಗ್ರಿಗೆ ತುಸು ಕಡಿಮೆ. ದೂರವನ್ನು ಕೋನದಿಂದ ಭಾಗಿಸಿ 360ರಿಂದ ಗುಣಿಸಿದರೆ ಉತ್ತರ 40,000 ಕಿ.ಮೀ. ಹತ್ತಿರಕ್ಕೆ ಬರುತ್ತದೆ. ಖರ್ಚು ಮೂರು ಕೋಲು, ಮೂರು ಫೋನ್ ಕರೆ.

ಸುದ್ದಿ ಯಾವುದು?

ಫೆಬ್ರವರಿ 28ರ ವಿಜ್ಞಾನ ದಿನದ ವರದಿಯನ್ನು ಯಾವ ವರ್ಷದ್ದಾದರೂ ತೆಗೆದು ನೋಡಿ. ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತದೆ. 1928ರಲ್ಲಿ ರಾಮನ್ ಏನು ಕಂಡುಹಿಡಿದರು ಎಂಬುದಕ್ಕೆ ಮಾತ್ರ ಜಾಗ ಸಾಲುವುದಿಲ್ಲ. ತಾಲ್ಲೂಕು ವರದಿಗಾರರನ್ನು ಬೈದು ಪ್ರಯೋಜನವಿಲ್ಲ. ಹೆಸರು ಬಿಟ್ಟುಹೋದರೆ ಫೋನು ಬರುತ್ತದೆ, ವಿಜ್ಞಾನ ಬಿಟ್ಟುಹೋದರೆ ಯಾರೂ ಕೇಳುವುದಿಲ್ಲ.

ಕನ್ನಡಕ್ಕೆ ಈ ಕೆಲಸ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ ‘ವಿಜ್ಞಾನ’ ಎಂಬ ಪತ್ರಿಕೆ ಹೊರಡಿಸಿದ್ದರು. 1978ರಲ್ಲಿ ಶುರುವಾದ ‘ಬಾಲವಿಜ್ಞಾನ’ವನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬೆಳೆಸಿತು. ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಕ್ಕಿ, ಹಲ್ಲಿ, ಹುಳುಗಳ ಬಗ್ಗೆ ಬರೆದರು, ಕಾಫಿ ತೋಟದವರೂ ಓದಿದರು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಕಡೂರು ಸೀಮೆಗೆ ನನಗೆ ಬೇಕೆನಿಸುವುದು ಈ ಕೊನೆಯ ಮಾದರಿ: ಈರುಳ್ಳಿ ಬೆಳೆದವರೇ ಈರುಳ್ಳಿಯ ರೋಗದ ಬಗ್ಗೆ ಬರೆಯಲಿ, ಕೃಷಿ ವಿಜ್ಞಾನಿ ತಿದ್ದಲಿ.

ಬರೆಯಲು ವಸ್ತುವಿಗೇನೂ ಬರವಿಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟೆ, ಸಾಮರ್ಥ್ಯ 71.5 ಟಿಎಂಸಿ. ಅತ್ತ ಅಯ್ಯನಕೆರೆಯ ವೇದಾ, ಮದಗದ ಕೆರೆಯ ಅವತಿ ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಬರಗಾಲದ ನಾಡಿಗೆ ಇಳಿಯುತ್ತವೆ. ಭದ್ರೆಗೂ ವೇದಾವತಿಗೂ ನಡುವೆ ದಿಬ್ಬ. ಭದ್ರಾ ಮೇಲ್ದಂಡೆ ಯೋಜನೆ ಬೆಟ್ಟದತಾವರೆಕೆರೆಯಲ್ಲಿ ನೀರನ್ನು ಪಂಪು ಮಾಡಿ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿ.ಮೀ. ಸುರಂಗದಲ್ಲಿ ಆ ದಿಬ್ಬ ದಾಟಿಸುತ್ತದೆ. 1933ರ ನಂತರ ತುಂಬದಿದ್ದ, ವೇದಾವತಿಯ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ಆ ವರ್ಷದ ಭಾರಿ ಮಳೆಯ ಜೊತೆ ಈ ನೀರಿನ ಪಾಲೂ ಇತ್ತು. ಪರಿಹಾರ, ಟೆಂಡರು, ಧರಣಿಯ ಸುದ್ದಿ ಬೇಕಾದಷ್ಟು ಬಂದಿದೆ, ಬರಲೇಬೇಕು. ಆದರೆ ಒಂದು ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಎಷ್ಟು ಕರೆಂಟು ಬೇಕು, ಸುರಂಗದೊಳಗೆ ನೀರು ತಾನೇ ಹರಿಯುವಷ್ಟು ಇಳಿಜಾರನ್ನು ಎಂಜಿನಿಯರು ಹೇಗೆ ಹಿಡಿಯುತ್ತಾರೆ? ಸುರಂಗದ ಮೇಲೆಯೇ ಹೊಲ ಇರುವವರಿಗೆ ಇದನ್ನು ಹೇಳಿದ ಪತ್ರಿಕೆಯನ್ನು ನಾನಂತೂ ಕತ್ತರಿಸಿ ಇಟ್ಟುಕೊಳ್ಳುತ್ತೇನೆ.

ಮೇಷ್ಟ್ರು ಲೈವ್‌ನಲ್ಲಿ

2020ರ ಲಾಕ್‌ಡೌನ್‌ನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆ ಇದೆಯೋ ಇಲ್ಲವೋ ಎಂದು ಕಂಗಾಲಾಗಿದ್ದಾಗ ಫೇಸ್‌ಬುಕ್‌ನಲ್ಲಿ ಗಣಿತ, ವಿಜ್ಞಾನದ ಪಾಠ ಶುರುಮಾಡಿದವರು ಕಡೂರಿನ ಮಾಜಿ ಶಾಸಕ, ಯಗಟಿಯ ವೈ.ಎಸ್.ವಿ. ದತ್ತ. ರಾಜಕೀಯಕ್ಕಿಂತ ಮೊದಲೇ ಅವರು ‘ದತ್ತ ಮೇಷ್ಟ್ರು’. ರಾಜಕಾರಣಿಯ ಪೇಜಿನಲ್ಲಿ ಪ್ರಮೇಯ ಬಿಡಿಸುವುದನ್ನು ಜನ ಕೂತು ನೋಡಿದರು! ಅವರ ಪಕ್ಷ ಒಪ್ಪುವುದು ಬಿಡುವುದು ಬೇರೆ ಮಾತು. ಕೇಳುವವರಿದ್ದಾರೆ ಎಂಬುದು ಮಾತ್ರ ಅಲ್ಲಿ ಖಾತ್ರಿಯಾಯಿತು.

ಜನ ಮೊದಲೇ ಸೇರುವ ಕಡೆಗೇ ವಿಜ್ಞಾನ ಹೋಗಬೇಕು ಎಂಬುದು ನನ್ನ ವಾದ. ಅಂತರಘಟ್ಟೆ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುವವರು ವಿಜ್ಞಾನ ಮೇಳದ ಕರಪತ್ರ ನೋಡಿ ಬರುವವರಲ್ಲ. ಮಿಠಾಯಿ ಅಂಗಡಿ ಪಕ್ಕದಲ್ಲಿ ಒಂದು ದೂರದರ್ಶಕ ನಿಲ್ಲಿಸಿ ಚಂದ್ರನ ಕುಳಿ ತೋರಿಸಿ, ಸಾಲು ತಾನಾಗಿ ಬೆಳೆಯುತ್ತದೆ. ಇನ್ನೊಂದು ಮೇಜಿನಲ್ಲಿ ಅಜ್ಜಂಪುರದ ಅಮೃತಮಹಲ್ ದನಗಳ ತಳಿ ಸಂವರ್ಧನೆಯ ಕಥೆ ಇರಲಿ. ತಳಿಶಾಸ್ತ್ರ ಅಲ್ಲಿನ ಅಜ್ಜಂದಿರಿಗೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು, ಹೆಸರು ಬೇರೆ ಅಷ್ಟೆ.

ಮುಂದಿನ ದೊಡ್ಡ ಅವಕಾಶಕ್ಕೆ ದಿನವೂ ಗೊತ್ತಾಗಿದೆ. 2027ರ ಆಗಸ್ಟ್ 2, ಸೋಮವಾರ. ಈಜಿಪ್ಟಿನಲ್ಲಿ ಖಗ್ರಾಸವಾಗುವ ಸೂರ್ಯಗ್ರಹಣ ಇಲ್ಲಿ ಸಂಜೆ ಹೊತ್ತಿಗೆ ಪಾರ್ಶ್ವವಾಗಿ ಕಾಣಬೇಕು, ಮೋಡ ಬಿಟ್ಟರೆ. ಜ್ಯೋತಿಷಿಗಳ ಅಂಕಣ ಹೇಗೂ ಬರುತ್ತದೆ. ಅದರ ಪಕ್ಕದಲ್ಲಿ, ಬರಿಗಣ್ಣಲ್ಲಿ ನೋಡಬಾರದೆಂಬ ಎಚ್ಚರಿಕೆಯ ಜೊತೆ, ರಟ್ಟಿಗೆ ಸೂಜಿತೂತು ಮಾಡಿ ಸೂರ್ಯನ ಬಿಂಬವನ್ನು ಗೋಡೆಗೆ ಬೀಳಿಸುವ ಚಿತ್ರವೊಂದನ್ನು ಜುಲೈ ಕೊನೆಯ ವಾರದಲ್ಲೇ ಅಚ್ಚುಹಾಕಬೇಕು. ಗ್ರಹಣದ ಮರುದಿನ ಹಾಕಿದರೆ ಯಾರಿಗೂ ಉಪಯೋಗವಿಲ್ಲ.