ಮಂಗಳೂರಿನ ಯೆಹೂದಿ ನೆಲೆ: ಹನ್ನೆರಡನೆಯ ಶತಮಾನದ ಒಂದು ಮನೆ ಮತ್ತು ಅದರ ಕಾಗದಗಳು

ಪಶ್ಚಿಮ ಕರಾವಳಿಯ ಯೆಹೂದಿಗಳೆಂದರೆ ವಿದ್ವಾಂಸರ ನೆನಪು ಸಹಜವಾಗಿ ಕೇರಳದತ್ತ ಹೋಗುತ್ತದೆ. ಅಲ್ಲಿ ಆಧಾರಗಳು ಗಟ್ಟಿಯಾದ ಲೋಹದ ಮೇಲಿವೆ. ಕೊಲ್ಲಂನ ತರಿಸಾಪಳ್ಳಿ ತಾಮ್ರಶಾಸನದಲ್ಲಿ (849) ಹೀಬ್ರೂ ಲಿಪಿಯ ಸಾಕ್ಷಿರುಜುಗಳಿವೆ. ಕ್ರಿ.ಶ. 1000ರ ಸುಮಾರಿಗೆ ಭಾಸ್ಕರ ರವಿಯು ಜೋಸೆಫ್ ರಬ್ಬಾನನಿಗೆ ಎಪ್ಪತ್ತೆರಡು ಹಕ್ಕುಗಳನ್ನು ಕೊಟ್ಟ ತಾಮ್ರಪಟ ಕೊಚ್ಚಿಯ ಯೆಹೂದಿಗಳ ಬಳಿ ಉಳಿದುಬಂದಿದೆ. ಇವುಗಳಿಗೆ ಎಣೆಯಾದ ಯೆಹೂದಿ ಶಾಸನವಾಗಲಿ, ಹಳೆಯ ಸಿನಗಾಗ್ ಆಗಲಿ ತುಳುನಾಡಿನಲ್ಲಿ ಇಲ್ಲ. ಆದರೂ ಹನ್ನೆರಡನೆಯ ಶತಮಾನದ ಮಂಗಳೂರಿನ ಯೆಹೂದಿ ಮನೆಯೊಂದರ ಕುರಿತು ನಮಗೆ ತಿಳಿದಿರುವಷ್ಟು ಸೂಕ್ಷ್ಮ ವಿವರಗಳು ಅದೇ ಕಾಲದ ಕೇರಳದ ಯಾವ ಯೆಹೂದಿ ಮನೆಯ ಬಗೆಗೂ ತಿಳಿದಿಲ್ಲ. ಅವು ಉಳಿದದ್ದು ಕಾಗದದ ಮೇಲೆ, ಅದೂ ಮಂಗಳೂರಿನಲ್ಲಲ್ಲ, ಈಜಿಪ್ಟಿನಲ್ಲಿ.

ದೇವರ ಹೆಸರಿರಬಹುದಾದ ಬರಹವನ್ನು ಹರಿದೆಸೆಯಬಾರದೆಂಬುದು ಯೆಹೂದಿ ಸಂಪ್ರದಾಯ. ಹಳೆಯ ಕೈರೋ ಆದ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಇಂಥ ಸವೆದ ಕಾಗದಗಳು ಶತಮಾನಗಳ ಕಾಲ ರಾಶಿಬಿದ್ದವು. ಇದೇ ‘ಗೆನಿಜಾ’. ಧರ್ಮಗ್ರಂಥಗಳೊಂದಿಗೆ ಲೆಕ್ಕದ ಚೀಟಿ, ವ್ಯಾಪಾರದ ಓಲೆ, ಮದುವೆಯ ಕರಾರುಗಳೂ ಅಲ್ಲಿ ಸೇರಿಕೊಂಡವು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಅವುಗಳ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಹಿಂದೂ ಮಹಾಸಾಗರದ ವರ್ತಕರಿಗೆ ಸಂಬಂಧಿಸಿದವುಗಳನ್ನು ಎಸ್. ಡಿ. ಗೊಯಿಟೈನ್ ದಶಕಗಳ ಕಾಲ ಬಿಡಿಸಿ ಓದಿದರು. ಅವರ ಮರಣಾನಂತರ ಮೊರ್ದೆಖಾಯ್ ಫ್ರೀಡ್‌ಮನ್ ಅದನ್ನು ಮುಂದುವರಿಸಿದರು. ಈ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದ ಕರಾವಳಿಯ ಓದುಗರಿಗೆ ಈ ಏರ್ಪಾಡು ವಿಚಿತ್ರವೆನಿಸದು.

ಈ ಕಾಗದಗಳ ನಡುವೆ ಮಂಗಳೂರು ‘ಮಂಜರೂರ್’ ಎಂದು ಕಾಣಿಸಿಕೊಳ್ಳುತ್ತದೆ. ಅಲ್ಲಿದ್ದವನು ಅಬ್ರಹಾಂ ಬೆನ್ ಯಿಜೂ. ಟ್ಯುನೀಷಿಯಾದ ಮಹದಿಯಾ ಬಂದರಿನವನು. ಮೊದಲು ಏಡನ್‌ಗೆ ಬಂದು ಅಲ್ಲಿನ ದೊಡ್ಡ ಯೆಹೂದಿ ವರ್ತಕರ ಆಶ್ರಯ ಪಡೆದು, 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದನು. ಅವನು ಇಲ್ಲಿದ್ದುದಕ್ಕೆ ಕಾಲನಿರ್ದೇಶವಿರುವ ಮೊದಲ ಆಧಾರ ವ್ಯಾಪಾರದ ಪತ್ರವಲ್ಲ, ಒಂದು ವಿಮೋಚನಾಪತ್ರ. 1132ರ ಅಕ್ಟೋಬರ್ 17ರಂದು ಬೆನ್ ಯಿಜೂ ‘ಅಶು’ ಎಂಬ ತನ್ನ ದಾಸಿಯನ್ನು ಬಿಡುಗಡೆ ಮಾಡಿದನು. ಆಕೆಗೆ ‘ಬೆರಾಖಾ’ ಎಂಬ ಹೊಸ ಹೆಸರನ್ನು ಕೊಡಲಾಯಿತು. ಹೀಬ್ರೂವಿನಲ್ಲಿ ಅದಕ್ಕೆ ‘ಆಶೀರ್ವಾದ’ ಎಂದರ್ಥ.

ಈ ಪತ್ರದ ಒಕ್ಕಣೆ ಗಮನಾರ್ಹವಾದುದು. ಮಂಗಳೂರನ್ನು ಅದು ಮಹಾಸಮುದ್ರದ ದಡದ ರಾಜನಗರಿ ಎಂದು ಕರೆಯುತ್ತದೆ. ಆ ಕಾಲದಲ್ಲಿ ಮಂಗಳಾಪುರವು ಆಳುಪ ಅರಸರ ರಾಜಧಾನಿಯಾಗಿತ್ತು. ಆಳುತ್ತಿದ್ದವನು ಕವಿ ಆಳುಪೇಂದ್ರ. ಆದುದರಿಂದ ‘ರಾಜನಗರಿ’ ಎಂಬುದು ಬರಿಯ ಅಲಂಕಾರವಲ್ಲ, ನೆಲದ ಸತ್ಯ. ಆದರೆ ಪತ್ರಕ್ಕೆ ಅಧಿಕಾರ ಬರುವುದು ಆಳುಪರಿಂದಲ್ಲ. ಬಾಗ್ದಾದಿನಲ್ಲಿದ್ದ ಯೆಹೂದಿ ಸಮುದಾಯಾಧಿಪತಿ ದಾನಿಯೇಲನ ಹೆಸರಿನಿಂದ. ಊರು ಆಳುಪರದು, ಶಾಸ್ತ್ರ ಬಾಗ್ದಾದಿನದು. ತುಳುನಾಡಿನ ಒಬ್ಬ ಹೆಂಗಸಿನ ಕಾನೂನುಸ್ಥಿತಿ ಇವೆರಡರ ನಡುವೆ ನಿರ್ಧಾರವಾಗಬೇಕಿತ್ತು.

ಯೆಹೂದಿ ಧರ್ಮಶಾಸ್ತ್ರದ ಪ್ರಕಾರ, ವಿಧಿಪೂರ್ವಕವಾಗಿ ಬಿಡುಗಡೆಯಾದ ದಾಸಿ ಪೂರ್ಣ ಯೆಹೂದಿಯಾಗುತ್ತಾಳೆ. ಆಕೆಯ ಮಕ್ಕಳೂ ಯೆಹೂದಿಗಳು. ಬಿಡುಗಡೆಯಿಲ್ಲದೆ ಹುಟ್ಟಿದ ಮಕ್ಕಳು ತಾಯಿಯ ಸ್ಥಿತಿಯನ್ನೇ ಪಡೆಯುತ್ತಾರೆ. ಹೀಗಾಗಿ ಆ ಒಂದು ಹಾಳೆಯ ಮೇಲೆ ಮುಂದೆ ಹುಟ್ಟಲಿದ್ದ ಮಕ್ಕಳ ಹೆಸರು, ಮದುವೆ, ಆಸ್ತಿ ಎಲ್ಲವೂ ನಿಂತಿದ್ದವು. ತೊಡಕು ಇನ್ನೊಂದಿತ್ತು. ದಾಸಿಯೊಡನೆ ಸಂಬಂಧವಿತ್ತೆಂಬ ಶಂಕೆಗೆ ಒಳಗಾದವನು, ಆಕೆ ಬಿಡುಗಡೆಯಾದ ಮೇಲೆ ಆಕೆಯನ್ನು ಮದುವೆಯಾಗಬಾರದೆಂದು ಮಿಶ್ನಾ ಹೇಳುತ್ತದೆ. ಮದುವೆಯಾಗಿಬಿಟ್ಟಿದ್ದರೆ ಅವರನ್ನು ಅಗಲಿಸುವುದಿಲ್ಲ ಎಂದೂ ಅದೇ ಸೇರಿಸುತ್ತದೆ. ಬೆನ್ ಯಿಜೂ ಇಂಥ ಪ್ರಶ್ನೆಗಳ ಕುರಿತು ಸ್ವಂತ ಕೈಯಿಂದ ಬರೆದ ಕರಡುಗಳು ದೊರೆತಿವೆ. ಅವು ಅವನ ಸ್ವಂತ ಸಂಸಾರಕ್ಕೇ ಸಂಬಂಧಿಸಿದವು ಎಂಬುದು ಫ್ರೀಡ್‌ಮನ್ ಅವರ ವಾದ. ವ್ಯಾಪಾರಿಯೊಬ್ಬ ಮೆಣಸಿನ ಲೆಕ್ಕದ ನಡುವೆ ತನ್ನ ಮನೆಯನ್ನು ಸಮರ್ಥಿಸಿಕೊಳ್ಳುವ ಶಾಸ್ತ್ರವಾಕ್ಯಗಳನ್ನು ಹುಡುಕುತ್ತಿದ್ದನೆಂದರೆ, ಒಪ್ಪದವರು ಎಲ್ಲೋ ಇದ್ದರೆಂದೇ ಅರ್ಥ.

ಅವರು ಎಲ್ಲಿದ್ದರು ಎಂಬುದು ಈ ನೆಲೆಯ ಸ್ವರೂಪವನ್ನು ಅರಿಯಲು ಮುಖ್ಯ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕೆಂಬುದು ಯೆಹೂದಿ ನಿಯಮ. ಮಂಗಳೂರಿನಲ್ಲಿ ಯೆಹೂದಿ ವರ್ತಕರ ಓಡಾಟ ಸಾಕಷ್ಟಿತ್ತು. ಏಡನ್‌ನ ಹಡಗಿನೊಡೆಯ ಮಹ್ರೂಜ್, ಉತ್ತರದ ಕರಾವಳಿಯಲ್ಲಿ ಕಡಲುಗಳ್ಳರ ಕೈಗೆ ಸಿಕ್ಕು ನಷ್ಟಹೊಂದಿದ್ದ ತನ್ನ ಬಂಧು ಅಬೂ ಜಿಕ್ರಿಗೆ ಮಂಗಳೂರಿನಿಂದಲೇ ಪತ್ರ ಬರೆದು, ಹಣ ಬೇಕಾದರೆ ತಿಂಬು ಎಂಬ ಭಾರತೀಯ ನಾವಿಕನಿಂದ ಪಡೆದುಕೊಳ್ಳುವಂತೆ ಸೂಚಿಸಿದ್ದನು. ಆದರೆ ಇಂಥವರು ಗಾಳಿಯ ಹಂಗಿನಲ್ಲಿ ಬಂದು ಹೋಗುವವರು. ಮುಂಗಾರು ಹಿಡಿದಾಗ ಹಡಗುಗಳು ನಿಲ್ಲುತ್ತಿದ್ದವು, ಜನ ಚದರುತ್ತಿದ್ದರು. ಆದ್ದರಿಂದ ಮಂಗಳೂರಿನ ನೆಲೆಯನ್ನು ಕೊಚ್ಚಿಯಂಥ ಸ್ಥಿರ ಸಭೆಯೆಂದು ಭಾವಿಸುವುದಕ್ಕಿಂತ, ಏಡನ್ ಸಭೆಯ ಒಂದು ದೂರದ ಮನೆಯೆಂದು ಪರಿಗಣಿಸುವುದು ಯುಕ್ತ. ಅದರ ಪೀಠ, ಪಂಚಾಯಿತಿ, ಒಪ್ಪಿಗೆ, ನಿಂದೆ ಎಲ್ಲವೂ ಕಡಲಾಚೆ ಇದ್ದವು. ತಲುಪುತ್ತಿದ್ದುದು ಪತ್ರದ ಮೂಲಕ.

ಏಡನ್‌ನಿಂದ ಪತ್ರ ಬರೆದವರು ಮುಖ್ಯವಾಗಿ ಮೂವರು: ವರ್ತಕರ ಪ್ರತಿನಿಧಿಯೂ ಅಲ್ಲಿನ ಯೆಹೂದಿಗಳ ಮುಖಂಡನೂ ಆಗಿದ್ದ ಮದ್ಮೂನ್ ಬಿನ್ ಹಸನ್, ಯೂಸುಫ್ ಬಿನ್ ಅಬ್ರಹಾಂ ಮತ್ತು ಖಲಫ್ ಬಿನ್ ಇಸ್ಹಾಕ್. ಮೆಣಸು, ಅಡಕೆ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಬೆನ್ ಯಿಜೂ ಕಂಚು-ಹಿತ್ತಾಳೆ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದನು. ಏಡನ್‌ನವರು ಒಡೆದ ಹಳೆಯ ಪಾತ್ರೆಗಳನ್ನು ತೂಗಿ ಕಳುಹಿಸಿ, ಇಂಥ ಅಳತೆಯಲ್ಲಿ ಇಂಥ ಪಾತ್ರೆಯಾಗಬೇಕೆಂದು ಬರೆಯುತ್ತಿದ್ದರು. ಸ್ಥಳೀಯ ಕುಶಲಿಗಳು ಅವನ್ನು ಕರಗಿಸಿ ಹೊಯ್ಯುತ್ತಿದ್ದರು. ಹಿಂದಿರುಗಿ ಬರುತ್ತಿದ್ದ ಉಡುಗೊರೆಗಳಲ್ಲಿ ಸಕ್ಕರೆ, ಬಾದಾಮಿ, ಒಣದ್ರಾಕ್ಷಿಗಳ ಜೊತೆಗೆ ಕಾಗದ ಇರುತ್ತಿತ್ತು. ತಾಳೆಗರಿಯ ನಾಡಿನಲ್ಲಿ ಕಾಗದ ಸುಲಭವಾಗಿ ಸಿಗುವ ಸರಕಲ್ಲ. ಬೆನ್ ಯಿಜೂ ತನಗೆ ಬಂದ ಪತ್ರಗಳ ಹಿಂಬದಿಯಲ್ಲೂ ಅಂಚಿನಲ್ಲೂ ಲೆಕ್ಕ, ಕರಡು, ಹೀಬ್ರೂ ಪದ್ಯಗಳನ್ನು ಬರೆದುಕೊಳ್ಳುತ್ತಿದ್ದುದಕ್ಕೆ ಇದೇ ಕಾರಣ. ಆ ಜಿಪುಣತನದಿಂದಲೇ ಒಂದೊಂದು ಹಾಳೆ ಎರಡೆರಡು ಕಥೆ ಹೇಳುವಂತಾಗಿದೆ.

ಭಾಷೆಯ ದೃಷ್ಟಿಯಿಂದ ಈ ಮನೆ ಇನ್ನೂ ಕುತೂಹಲಕರ. ಪ್ರಾರ್ಥನೆ ಹೀಬ್ರೂ, ಪತ್ರವ್ಯವಹಾರ ಅರಬ್ಬಿ, ಆಳುಪರ ಶಾಸನ ಕನ್ನಡ, ಬೀದಿಯ ಮಾತು ತುಳು. ಅಶುವಿನ ಮನೆಮಾತು ಯಾವುದೆಂದು ಕಾಗದಗಳು ಹೇಳುವುದಿಲ್ಲ. ಲೆಕ್ಕವೊಂದರಲ್ಲಿ ಬರುವ ‘ನಾಯರ್’ ಎಂಬ ಹೆಸರಿನ ಆಧಾರದಿಂದ ಆಕೆ ನಾಯರ್ ಕುಲದವಳಿರಬಹುದೆಂದು ಊಹಿಸಲಾಗಿದೆ. ಅಡುಗೆಮನೆಯಲ್ಲಿ ಮಕ್ಕಳು ಕೇಳಿದ ಮಾತು ಮಾತ್ರ ಅರಬ್ಬಿಯೊಂದೇ ಆಗಿರಲಾರದು. ಮಡಕಶಿರಾ, ರೊದ್ದಂ ಸೀಮೆಯಂಥ ಗಡಿನಾಡಿನಲ್ಲಿ ಮನೆಯ ನುಡಿ ಒಂದು, ದಫ್ತರದ ನುಡಿ ಇನ್ನೊಂದು ಆಗಿರುವುದನ್ನು ಬಲ್ಲವರಿಗೆ, ಬರವಣಿಗೆಯ ಭಾಷೆಯನ್ನೇ ಮನೆಯ ಭಾಷೆಯೆಂದು ತಿಳಿಯುವ ಅಪಾಯ ವಿವರಿಸಬೇಕಾಗಿಲ್ಲ.

ಈ ಎಚ್ಚರದಿಂದ ಫಲ ಸಿಕ್ಕ ಉದಾಹರಣೆಯೊಂದಿದೆ. ಪತ್ರಗಳಲ್ಲಿ ಬೆನ್ ಯಿಜೂವಿನ ಸೇವಕನೊಬ್ಬನ ಹೆಸರು ಸ್ವರಗಳಿಲ್ಲದೆ ‘ಬ-ಮ-ಹ’ ಎಂಬ ಮೂರು ಅಕ್ಷರಗಳಲ್ಲಿ ಬರುತ್ತದೆ. ಅದನ್ನು ಬೇರೆ ನಾಡಿನ ಹೆಸರೆಂದು ಓದಲು ಅಡ್ಡಿಯಿರಲಿಲ್ಲ. ಅಮಿತಾವ್ ಘೋಷ್ ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದನ್ನು ‘ಬೊಮ್ಮ’ ಎಂದು ಗುರುತಿಸಿದರು. ತುಳುವರ ದೈವ ಬೆರ್ಮೆರಿಗೂ ಕನ್ನಡದ ಶಾಸನಗಳಲ್ಲಿ ಹೇರಳವಾಗಿ ಸಿಗುವ ಬೊಮ್ಮನಿಗೂ ನಂಟಿರುವ ಹೆಸರು ಅದು. ಹೆಸರು ನೆಲಕ್ಕಿಳಿದೊಡನೆ ಮನುಷ್ಯನೂ ಕಾಣಿಸಿಕೊಂಡನು. ಬೊಮ್ಮ ಒಡೆಯನ ಸರಕಿನೊಡನೆ ಏಡನ್‌ಗೆ ಹೋಗಿಬರುತ್ತಿದ್ದ ಪ್ರತಿನಿಧಿ. ಅಲ್ಲಿ ಮದ್ಮೂನ್ ಅವನಿಗೆ ತಿಂಗಳ ಸಂಬಳ ಕೊಡುತ್ತಿದ್ದನು. ಒಮ್ಮೆ ಕುಡಿದು ಹಣಕ್ಕಾಗಿ ಗಲಾಟೆ ಮಾಡಿದ ದೂರೂ ಇದೆ. ಹಾಗಿದ್ದೂ ಏಡನ್‌ನ ವರ್ತಕರು ಒಕ್ಕಣೆಯ ಕೊನೆಗೆ ಅವನಿಗೆ ಪ್ರತ್ಯೇಕವಾಗಿ ವಂದನೆ ತಿಳಿಸುತ್ತಾರೆ. ದಾಸ್ಯವೆಂಬ ಒಂದೇ ಪದದೊಳಗೆ ಅಶುವಿನ ಸ್ಥಿತಿ, ಬೊಮ್ಮನ ಸ್ಥಿತಿ ಎರಡೂ ಇದ್ದವೆಂಬುದನ್ನು ಮರೆಯಲಾಗದು.

1148ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರನ ಸೇನೆ ಮಹದಿಯಾವನ್ನು ಹಿಡಿಯಿತು. ಬೆನ್ ಯಿಜೂವಿನ ಸಹೋದರರ ಕುಟುಂಬಗಳು ಸಿಸಿಲಿಗೆ ಚದರಿದವು. 1149ರಲ್ಲಿ ಅವನು ಮಂಗಳೂರಿನ ಸುಮಾರು ಹದಿನೇಳು ವರ್ಷಗಳ ಬದುಕನ್ನು ಮುಗಿಸಿ, ಮಕ್ಕಳೊಂದಿಗೆ ಏಡನ್ ತಲುಪಿದನು. ಸೆಪ್ಟೆಂಬರ್ 11ರಂದು ಅಲ್ಲಿಂದ ಸಹೋದರರಿಗೆ ಪತ್ರ ಬರೆದನು. ನಂಬಿ ಕರೆಸಿಕೊಂಡ ತಮ್ಮ ಮುಬಶ್ಶಿರನಿಂದ ಹಣದ ವಿಷಯದಲ್ಲಿ ಮೋಸಹೋದುದು, ಹಿರಿಯ ಮಗನನ್ನು ಏಡನ್‌ನಲ್ಲಿ ಕಳೆದುಕೊಂಡುದು ಮುಂದಿನ ಪತ್ರಗಳಲ್ಲಿ ತಿಳಿಯುತ್ತದೆ. ಉಳಿದವಳು ಮಗಳು ಸಿತ್ ಅಲ್-ದಾರ್. ಏಡನ್‌ನ ಗಣ್ಯ ಮನೆತನವೊಂದರಿಂದ ಸಂಬಂಧ ಬಂದಿದ್ದರೂ, ಅವಳನ್ನು ಅಪರಿಚಿತರಿಗಿಂತ ಸೋದರನ ಮಗನಿಗೇ ಕೊಡಬೇಕೆಂದು ಅವನು ಹಟಹಿಡಿದನು. ಇದಕ್ಕೆ ಕುಲಪ್ರೇಮವೊಂದೇ ಕಾರಣವೆನ್ನಲಾಗದು. ಹುಟ್ಟಿನ ಬಗ್ಗೆ ಪಿಸುಮಾತು ಕೇಳಿಬರಬಹುದಾದ ಊರಿಗಿಂತ ತನ್ನವರ ಮನೆ ಮಗಳಿಗೆ ಸುರಕ್ಷಿತವೆಂಬ ಎಣಿಕೆಯೂ ಅಲ್ಲಿದ್ದಿರಬೇಕು. 1156ರಲ್ಲಿ ಫುಸ್ತಾತ್‌ನಲ್ಲಿ, ಸಹೋದರ ಯೂಸುಫನ ಹಿರಿಯ ಮಗನೊಡನೆ ಅವಳ ಮದುವೆ ನಡೆಯಿತು. ಮಂಗಳೂರಿನ ಕಾಗದಗಳು ಫುಸ್ತಾತ್‌ನ ಕೋಣೆಗೆ ಸೇರಿದುದು ಈ ಕುಟುಂಬದೊಡನೆಯೇ. ಆ ಪಯಣದ ಪತ್ರಗಳಲ್ಲಿ ಅಶುವಿನ ಹೆಸರು ಬರುವುದಿಲ್ಲ.

ಎರಡು ಶತಮಾನಗಳ ಬಳಿಕ, 1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತ ಅಲ್ಲಿ ಫಾರ್ಸ್ ಮತ್ತು ಯೆಮೆನ್‌ಗಳ ವರ್ತಕರನ್ನೂ ಸುಮಾರು 4000 ಮುಸ್ಲಿಮರನ್ನೂ ಹೆಸರಿಸುತ್ತಾನೆ. ಯೆಹೂದಿಗಳು ಅವನ ಬರಹದಲ್ಲಿ ಸಿಗುವುದು ಇನ್ನೂ ದಕ್ಷಿಣಕ್ಕೆ, ಕೇರಳದ ಕುಂಜಿಕರಿ ಎಂಬ ಬೆಟ್ಟದೂರಿನಲ್ಲಿ. ಅಶುವಿನ ವಿಮೋಚನಾಪತ್ರ ಇಂದು ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗ್ರಹವೊಂದರಲ್ಲಿದೆ.