ಶಾಲಾ ಪೌಷ್ಟಿಕ ಕೈತೋಟದ ವಾರ್ಷಿಕ ನಿರ್ವಹಣೆ: ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಸರ್ಕಾರಿ ಶಾಲೆ ಹಾಗೂ ಅಂಗನವಾಡಿ ಕೇಂದ್ರಗಳ ಆವರಣದಲ್ಲಿ ಜೂನ್ ತಿಂಗಳಿನಲ್ಲಿ ಉತ್ಸಾಹದಿಂದ ನೆಟ್ಟ ಸಸಿಗಳಲ್ಲಿ ಹಲವು ಮರುವರ್ಷದ ಜೂನ್‌ವರೆಗೆ ಉಳಿಯುವುದಿಲ್ಲ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದಾಗ ನೀರುಣಿಸುವವರು ಇಲ್ಲದಿರುವುದು ಇದಕ್ಕೆ ಬಹುದೊಡ್ಡ ಕಾರಣ. ತೋಟ ಒಣಗಿದರೆ ಬಿಸಿಯೂಟದ ಸಾರಿಗೆ ಬೀಳಬೇಕಾದ ನುಗ್ಗೆಸೊಪ್ಪು, ಕರಿಬೇವುಗಳೂ ಇಲ್ಲವಾಗುತ್ತವೆ; ಮರುವರ್ಷ ಅದೇ ಗುಂಡಿಗೆ ಮತ್ತೆ ಸಸಿ ನೆಡುವ ಕೆಲಸ ಆರಂಭವಾಗುತ್ತದೆ. ಆದುದರಿಂದ ಬಯಲುಸೀಮೆಯ ಗ್ರಾಮಗಳಿಗೆ ಅನ್ವಯಿಸುವಂತೆ ವರ್ಷದ ಕೆಲಸಗಳನ್ನು ಇಲ್ಲಿ ಋತುವಾರು ವಿವರಿಸಲಾಗಿದೆ.

ಮುಂಗಾರು (ಜೂನ್‌ನಿಂದ ಸೆಪ್ಟೆಂಬರ್)

ಮೃಗಶಿರಾ ಮಳೆ ಬಿದ್ದು ನೆಲ ಹದವಾದೊಡನೆ ಬಹುವಾರ್ಷಿಕ ಗಿಡಗಳನ್ನು ನೆಡುವುದು ಸೂಕ್ತ. ನುಗ್ಗೆ, ಕರಿಬೇವು, ನಿಂಬೆ ಮತ್ತು ಪರಂಗಿ ಸಸಿಗಳಿಗೆ ಒಂದೂವರೆ ಅಡಿ ಉದ್ದ, ಅಗಲ ಮತ್ತು ಆಳದ ಗುಂಡಿ ತೆಗೆದು, ಮೇಲ್ಮಣ್ಣಿನೊಂದಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಬೇಕು. ಪರಂಗಿಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಅದನ್ನು ದಿಬ್ಬದ ಮೇಲೆಯೇ ನೆಡತಕ್ಕದ್ದು. ಹೀರೆ, ಹಾಗಲ, ಪಡವಲ ಬಳ್ಳಿಗಳನ್ನು ಬೇಲಿಯ ಅಂಚಿನಲ್ಲಿ ಬಿತ್ತಿದರೆ ಪ್ರತ್ಯೇಕ ಚಪ್ಪರದ ವೆಚ್ಚ ಉಳಿಯುತ್ತದೆ.

ಹರಿವೆ, ದಂಟು ಮುಂತಾದ ಸೊಪ್ಪುಗಳು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಎಲ್ಲ ಮಡಿಗಳಲ್ಲಿ ಒಂದೇ ದಿನ ಬಿತ್ತದೆ, 15 ದಿನಗಳಿಗೊಮ್ಮೆ ಒಂದೊಂದು ಮಡಿಯಲ್ಲಿ ಬಿತ್ತಿದರೆ ಅಡುಗೆಗೆ ನಿರಂತರವಾಗಿ ಸೊಪ್ಪು ದೊರೆಯುತ್ತದೆ. ಮಳೆಗಾಲದಲ್ಲಿ ನುಗ್ಗೆಗೆ ಕಂಬಳಿಹುಳು ಬರುವುದುಂಟು. ಮಕ್ಕಳ ಆಹಾರಕ್ಕೆ ಬಳಸುವ ತೋಟವಾದುದರಿಂದ ರಾಸಾಯನಿಕ ಕೀಟನಾಶಕವನ್ನು ಬಳಸಬಾರದು. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಿಂಪಡಿಸಬಹುದು. ಹುಳುಗಳ ಕೂದಲು ಚರ್ಮಕ್ಕೆ ತಗುಲಿದರೆ ತುರಿಕೆ ಉಂಟಾಗುವುದರಿಂದ ಈ ಕೆಲಸವನ್ನು ಮಕ್ಕಳಿಂದ ಮಾಡಿಸಕೂಡದು.

ಹಿಂಗಾರು ಮತ್ತು ಚಳಿಗಾಲ (ಅಕ್ಟೋಬರ್‌ನಿಂದ ಜನವರಿ)

ದಸರಾ ರಜೆಯಲ್ಲಿ ಮಳೆಯ ನೆರವಿದ್ದರೂ ಕಳೆ ವಿಪರೀತವಾಗಿ ಬೆಳೆಯುತ್ತದೆ. ಶಾಲೆ ಪುನರಾರಂಭವಾದ ವಾರದಲ್ಲಿಯೇ ಕಳೆ ತೆಗೆಸಿ, ಅದು ಬೀಜ ಕಟ್ಟುವ ಮೊದಲೇ ಗೊಬ್ಬರದ ಗುಂಡಿಗೆ ಸೇರಿಸಬೇಕು. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಕ್ಯಾರೆಟ್ ಮತ್ತು ಹುರುಳಿಕಾಯಿಗೆ ಇದು ಪ್ರಶಸ್ತ ಕಾಲ. ಮೂಲಂಗಿ ಹಾಗೂ ಕ್ಯಾರೆಟ್ ಬೀಜಗಳನ್ನು ನೇರವಾಗಿ ಮಡಿಯಲ್ಲಿ ಬಿತ್ತಬೇಕು. ಟೊಮೆಟೊ ಮತ್ತು ಬದನೆಯನ್ನು ಸಸಿಮಡಿಯಲ್ಲಿ ಬೆಳೆಸಿ ನಾಲ್ಕೈದು ವಾರಗಳ ನಂತರ ನಾಟಿ ಮಾಡಬೇಕು.

ಬೇಸಿಗೆಯ ಸಿದ್ಧತೆ (ಫೆಬ್ರವರಿ ಮತ್ತು ಮಾರ್ಚ್)

ವರ್ಷದ ಫಲಾಫಲ ನಿರ್ಧಾರವಾಗುವುದು ಈ ಎರಡು ತಿಂಗಳುಗಳಲ್ಲಿ. ಅರವತ್ತು ಮಕ್ಕಳಿರುವ ಶಾಲೆಯಲ್ಲಿ ಊಟದ ವೇಳೆ ಕೈತೊಳೆಯುವ ನೀರನ್ನು ತಲಾ ಒಂದು ಲೀಟರ್ ಎಂದು ಎಣಿಸಿದರೂ ದಿನಕ್ಕೆ 60 ಲೀಟರ್ ನೀರು ತೋಟಕ್ಕೆ ದೊರೆಯುತ್ತದೆ. ರಜೆ ಆರಂಭವಾದೊಡನೆ, ಅಂದರೆ ಬಿಸಿಲು ತೀವ್ರವಾಗಿರುವಾಗಲೇ, ಈ ನೀರೂ ನಿಲ್ಲುತ್ತದೆ.

ಆದುದರಿಂದ ಮಾರ್ಚ್ ಅಂತ್ಯದೊಳಗೆ ತರಕಾರಿ ಮಡಿಗಳ ಕೊಯ್ಲು ಮುಗಿಸಿ, ಅವುಗಳನ್ನು ಒಣ ಎಲೆಗಳಿಂದ ಮುಚ್ಚಿ ಬಿಡುವುದು ಒಳಿತು. ಬಹುವಾರ್ಷಿಕ ಗಿಡಗಳ ಸುತ್ತ ಪಾತಿ ಮಾಡಿ, ಬುಡಕ್ಕೆ ತಾಗದಂತೆ ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ಹುಲ್ಲಿನ ಹೊದಿಕೆ ಹಾಕಬೇಕು. ಸಸಿಯ ಪಕ್ಕದಲ್ಲಿ, ತಳಕ್ಕೆ ಸಣ್ಣ ರಂಧ್ರ ಮಾಡಿ ಬತ್ತಿ ಇಟ್ಟ ಮಣ್ಣಿನ ಮಡಕೆಯನ್ನು ಹೂಳಿ ನೀರು ತುಂಬಿದರೆ ಬೇರಿಗೆ ನಿಧಾನವಾಗಿ ತೇವ ದೊರೆಯುತ್ತದೆ.

ಬೇಸಿಗೆ ರಜೆ (ಏಪ್ರಿಲ್ ಮತ್ತು ಮೇ)

ನಾಲ್ಕು ನುಗ್ಗೆ, ನಾಲ್ಕು ಕರಿಬೇವು, ಎರಡು ಪರಂಗಿ, ಎರಡು ನಿಂಬೆ, ಹೀಗೆ 12 ಎಳೆಯ ಗಿಡಗಳಿವೆ ಎಂದು ಭಾವಿಸೋಣ. ಗಿಡವೊಂದಕ್ಕೆ 10 ಲೀಟರ್‌ನಂತೆ ವಾರಕ್ಕೆ ಎರಡು ಬಾರಿ ನೀರು ಕೊಟ್ಟರೆ ವಾರಕ್ಕೆ 240 ಲೀಟರ್, ಏಳು ವಾರಗಳಿಗೆ 1,680 ಲೀಟರ್ ಆಗುತ್ತದೆ. ಇದು ಊರಿಗೆ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರಿನ ಒಂದು ಸುತ್ತಿಗಿಂತಲೂ ಕಡಿಮೆ. ಕುಡಿಯುವ ನೀರಿಗೆ ತೊಂದರೆಯಿರುವ ಗ್ರಾಮಗಳಲ್ಲಿಯೂ ಇಷ್ಟನ್ನು ಹೊಂದಿಸುವುದು ಸಾಧ್ಯ. ಆದರೆ ಯಾರು, ಯಾವ ದಿನ ನೀರು ಹಾಕಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಎಲ್ಲರ ಹೊಣೆಯೆಂದು ಬಿಟ್ಟ ಕೆಲಸ ಯಾರ ಹೊಣೆಯೂ ಆಗದೆ ಉಳಿಯುವುದು ಅನುಭವವೇದ್ಯ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಮಾರ್ಚ್ ತಿಂಗಳ ಸಾಮಾನ್ಯ ಸಭೆಯಲ್ಲಿ ಪ್ರತಿ ಶಾಲೆ ಹಾಗೂ ಅಂಗನವಾಡಿಯ ತೋಟದ ವಿಷಯವನ್ನು ಚರ್ಚಿಸಿ, ರಜೆಯ ಅವಧಿಗೆ ನೀರುಣಿಸುವವರನ್ನು ನಿಗದಿಪಡಿಸಿ ನಡವಳಿಯಲ್ಲಿ ದಾಖಲಿಸುವುದು.

2. ಈ ಹೊಣೆಯನ್ನು ನೀರುಗಂಟಿ, ಸ್ವಸಹಾಯ ಸಂಘ ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿಗೆ ಅವರ ಒಪ್ಪಿಗೆ ಪಡೆದು ವಹಿಸುವುದು.

3. ರಜೆಗೆ ಮುನ್ನ ಬೇಲಿ ಮತ್ತು ಗೇಟನ್ನು ದುರಸ್ತಿ ಮಾಡಿಸುವುದು. ಮೇಕೆ ಒಮ್ಮೆ ಒಳನುಗ್ಗಿದರೆ ವರ್ಷದ ಶ್ರಮ ಒಂದೇ ದಿನದಲ್ಲಿ ವ್ಯರ್ಥವಾಗುತ್ತದೆ.

4. ತಮ್ಮ ವಾರ್ಡಿನ ತೋಟವನ್ನು ರಜೆಯಲ್ಲಿ ಕನಿಷ್ಠ 15 ದಿನಗಳಿಗೊಮ್ಮೆ ಖುದ್ದಾಗಿ ಪರಿಶೀಲಿಸುವುದು.

5. ಜೂನ್‌ನಲ್ಲಿ ಹೊಸ ಸಸಿಗಳಿಗೆ ಬೇಡಿಕೆ ಸಲ್ಲಿಸುವ ಮೊದಲು, ಹಿಂದಿನ ವರ್ಷ ನೆಟ್ಟವು ಎಷ್ಟು, ಉಳಿದವು ಎಷ್ಟು ಎಂಬುದನ್ನು ಎಣಿಸಿ ಸಭೆಗೆ ತಿಳಿಸುವುದು.

ನೆಟ್ಟ ಸಸಿಗಳ ಸಂಖ್ಯೆಯಷ್ಟೇ ಉಳಿದ ಗಿಡಗಳ ಸಂಖ್ಯೆಯೂ ಸಭೆಯಲ್ಲಿ ಚರ್ಚೆಗೆ ಬಂದಲ್ಲಿ, ಶಾಲೆಯ ತೋಟವು ವರ್ಷವಿಡೀ ಮಕ್ಕಳ ಊಟಕ್ಕೆ ಒದಗುತ್ತದೆ.