ನಿಕೊ ಪಿರೊಸ್ಮಾನಿ

ನಿಕೊ ಪಿರೊಸ್ಮಾನಿ (ಪೂರ್ಣ ಹೆಸರು ನಿಕೊಲೊಜ್ ಪಿರೊಸ್ಮಾನಶ್ವಿಲಿ, 1862–1918) ಜಾರ್ಜಿಯಾ ದೇಶದ ಚಿತ್ರಕಾರರು. ಯಾವುದೇ ಕಲಾಶಾಲೆಯಲ್ಲಿ ವ್ಯಾಸಂಗ ಮಾಡದ ಇವರು ಟಿಬಿಲಿಸಿ ನಗರದ ಪಾನಗೃಹ ಮತ್ತು ಅಂಗಡಿಗಳಿಗೆ ನಾಮಫಲಕಗಳನ್ನೂ ಗೋಡೆಯ ಚಿತ್ರಗಳನ್ನೂ ಬರೆದು ಜೀವನ ಸಾಗಿಸಿದರು. ಬದುಕಿದ್ದಾಗ ಇವರ ಕೃತಿಗಳು ಕಲಾಪ್ರದರ್ಶನದಲ್ಲಿ ಕಾಣಿಸಿಕೊಂಡದ್ದು ಬಹಳ ವಿರಳ. ಮರಣಾನಂತರ ಇವರು ಜಾರ್ಜಿಯಾದ ಅತ್ಯಂತ ಪ್ರಸಿದ್ಧ ಚಿತ್ರಕಾರರೆಂಬ ಮನ್ನಣೆ ಪಡೆದರು. ಇವರನ್ನು ಸಾಮಾನ್ಯವಾಗಿ 'ಮುಗ್ಧ ಕಲೆ' ಅಥವಾ ಆದಿಮ ಶೈಲಿಯ ಕಲಾವಿದರೊಂದಿಗೆ ಪರಿಗಣಿಸಲಾಗುತ್ತದೆ. ಇವರ ಸುಮಾರು 200 ಕೃತಿಗಳು ಮಾತ್ರ ಇಂದು ಉಳಿದಿವೆ.

ಆರಂಭಿಕ ಜೀವನ

ಪಿರೊಸ್ಮಾನಿ ಅವರು ಪೂರ್ವ ಜಾರ್ಜಿಯಾದ ಕಖೇತಿ ಪ್ರಾಂತ್ಯದ ಮಿರ್ಜಾನಿ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ದ್ರಾಕ್ಷಿ ಬೆಳೆಗೆ ಹೆಸರಾದ ಈ ಪ್ರದೇಶವು ಆಗ ರಷ್ಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿತ್ತು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಟಿಬಿಲಿಸಿಯ ಸ್ಥಿತಿವಂತ ಕುಟುಂಬವೊಂದರ ಆಶ್ರಯದಲ್ಲಿ ಬೆಳೆದರು. ಅಲ್ಲಿ ಜಾರ್ಜಿಯನ್ ಮತ್ತು ರಷ್ಯನ್ ಭಾಷೆಗಳನ್ನು ಓದಲು, ಬರೆಯಲು ಕಲಿತರು. ಚಿತ್ರ ಬರೆಯುವುದನ್ನು ತಾವಾಗಿಯೇ ರೂಢಿಸಿಕೊಂಡರು.

ಯೌವನದಲ್ಲಿ ಸ್ನೇಹಿತರೊಬ್ಬರೊಡನೆ ಸೇರಿ ನಾಮಫಲಕ ಬರೆಯುವ ಕಾರ್ಯಾಗಾರವೊಂದನ್ನು ತೆರೆದರಾದರೂ ಅದು ಬಹುಕಾಲ ನಡೆಯಲಿಲ್ಲ. 1890ರ ದಶಕದ ಆರಂಭದಲ್ಲಿ ಕೆಲವು ವರ್ಷ ರೈಲ್ವೆಯಲ್ಲಿ ಕೆಲಸ ಮಾಡಿದರು. ಬಳಿಕ ಹಾಲಿನ ಅಂಗಡಿಯೊಂದನ್ನು ಇಟ್ಟು, ಅದನ್ನೂ ಬಿಟ್ಟರು. ನಂತರದ ವರ್ಷಗಳಲ್ಲಿ ಅವರಿಗೆ ಸ್ಥಿರವಾದ ಮನೆಯಾಗಲಿ ಆದಾಯವಾಗಲಿ ಇರಲಿಲ್ಲ. ಟಿಬಿಲಿಸಿಯ ರೈಲು ನಿಲ್ದಾಣದ ಸುತ್ತಮುತ್ತಲಿನ ಪಾನಗೃಹಗಳಿಗೆ ಚಿತ್ರ ಬರೆದುಕೊಟ್ಟು, ಅದಕ್ಕೆ ಪ್ರತಿಯಾಗಿ ಊಟ, ಪಾನೀಯ, ಮಲಗಲು ಜಾಗ ಮತ್ತು ಅಲ್ಪ ಹಣವನ್ನು ಪಡೆಯುತ್ತಿದ್ದರು. ಬಡತನದ ನಡುವೆಯೂ ಗಂಭೀರ ನಡವಳಿಕೆಯನ್ನು ಉಳಿಸಿಕೊಂಡಿದ್ದ ಅವರನ್ನು ಪರಿಚಿತರು 'ಕೌಂಟ್' ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು.

ಚಿತ್ರರಚನೆಯ ವಿಧಾನ

ಪಿರೊಸ್ಮಾನಿ ಅವರ ಹೆಚ್ಚಿನ ಚಿತ್ರಗಳು ಕಪ್ಪು ಮೇಣಬಟ್ಟೆಯ ಮೇಲೆ ತೈಲವರ್ಣದಲ್ಲಿ ರಚಿತವಾಗಿವೆ. ರಟ್ಟು ಮತ್ತು ತಗಡಿನ ಮೇಲೂ ಅವರು ಚಿತ್ರಿಸಿದ್ದಾರೆ. ಸಾಂಪ್ರದಾಯಿಕ ತೈಲಚಿತ್ರದಲ್ಲಿ ಹಿನ್ನೆಲೆಯನ್ನು ಬಣ್ಣದಿಂದ ತುಂಬಿ, ಅದರ ಮೇಲೆ ನೆರಳನ್ನು ಮೂಡಿಸಲಾಗುತ್ತದೆ. ಪಿರೊಸ್ಮಾನಿ ಇದಕ್ಕೆ ವಿರುದ್ಧವಾದ ಕ್ರಮವನ್ನು ಅನುಸರಿಸಿದರು. ಕಪ್ಪಾಗಿ ಕಾಣಬೇಕಾದ ಭಾಗಗಳಲ್ಲಿ ಬಟ್ಟೆಯನ್ನು ಹಾಗೆಯೇ ಬಿಟ್ಟು, ಬೆಳಕಿನ ಭಾಗಗಳಿಗೆ ಮಾತ್ರ ಬಣ್ಣ ಹಚ್ಚಿದರು. ಕೂದಲು, ಕಣ್ಣು, ಉಡುಪಿನ ಅಂಚು, ರಾತ್ರಿಯ ಆಕಾಶ ಇವೆಲ್ಲ ಅನೇಕ ಚಿತ್ರಗಳಲ್ಲಿ ಬಣ್ಣ ತಾಗದ ಬಟ್ಟೆಯೇ ಆಗಿವೆ. ಇದರಿಂದ ಬಣ್ಣ ಮತ್ತು ಸಮಯ ಎರಡೂ ಉಳಿಯುತ್ತಿದ್ದವು. ಜೊತೆಗೆ ಆಕೃತಿಗಳು ಕತ್ತಲೆಯೊಳಗಿನಿಂದ ಎದ್ದು ಬಂದಂತೆ ತೋರುತ್ತಿದ್ದವು.

ಅವರ ಚಿತ್ರಗಳಲ್ಲಿ ಆಕೃತಿಗಳು ಸಾಮಾನ್ಯವಾಗಿ ನೋಡುಗರಿಗೆ ಅಭಿಮುಖವಾಗಿ, ನಿಶ್ಚಲವಾಗಿ ನಿಂತಿರುತ್ತವೆ. ದೂರ ಮತ್ತು ಸಮೀಪದ ಅಳತೆಗಿಂತ ವ್ಯಕ್ತಿಯ ಅಥವಾ ವಸ್ತುವಿನ ಮಹತ್ವಕ್ಕೆ ತಕ್ಕಂತೆ ಗಾತ್ರ ನಿರ್ಧಾರವಾಗಿರುತ್ತದೆ. ಈ ಲಕ್ಷಣಗಳಲ್ಲಿ ಜಾರ್ಜಿಯಾದ ಮಧ್ಯಯುಗೀನ ಚರ್ಚುಗಳ ಭಿತ್ತಿಚಿತ್ರಗಳೊಂದಿಗಿನ ಸಾಮ್ಯವನ್ನು ವಿಮರ್ಶಕರು ಗುರುತಿಸಿದ್ದಾರೆ.

ವಸ್ತು ಮತ್ತು ಪ್ರಮುಖ ಕೃತಿಗಳು

ಔತಣವು ಪಿರೊಸ್ಮಾನಿ ಅವರ ಚಿತ್ರಗಳಲ್ಲಿ ಪದೇಪದೇ ಬರುವ ವಸ್ತು. ಜಾರ್ಜಿಯಾದ ಸಾಂಪ್ರದಾಯಿಕ ಔತಣಕ್ಕೆ 'ಸುಪ್ರಾ' ಎಂದು ಹೆಸರು. ಉದ್ದನೆಯ ಬಿಳಿ ಮೇಜುವಸ್ತ್ರದ ಹಿಂದೆ ಕುಳಿತ ಅತಿಥಿಗಳು, ದ್ರಾಕ್ಷಾರಸ ತುಂಬಿದ ಕೊಂಬುಗಳು, ರೊಟ್ಟಿ ಮತ್ತು ಮೀನುಗಳು ಈ ಚಿತ್ರಗಳಲ್ಲಿ ಕಾಣುತ್ತವೆ. ದ್ರಾಕ್ಷಿ ಕೊಯ್ಲು, ಮೀನುಗಾರ, ಬೀದಿ ಕಾವಲುಗಾರ, ರೈಲುಗಾಡಿ ಮೊದಲಾದ ದೈನಂದಿನ ವಿಷಯಗಳನ್ನೂ, ರಾಣಿ ತಮಾರ್ ಹಾಗೂ ಕವಿ ಶೋತಾ ರುಸ್ತವೇಲಿ ಅವರಂತಹ ಐತಿಹಾಸಿಕ ವ್ಯಕ್ತಿಗಳನ್ನೂ ಅವರು ಚಿತ್ರಿಸಿದ್ದಾರೆ.

ಪ್ರಾಣಿಗಳ ಚಿತ್ರಗಳಿಗೆ ವಿಶೇಷ ಸ್ಥಾನವಿದೆ. 'ಜಿರಾಫೆ' ಎಂಬ ಕೃತಿಯಲ್ಲಿನ ಪ್ರಾಣಿ ನೈಜ ಜಿರಾಫೆಯ ಬಣ್ಣದಲ್ಲಿಲ್ಲ. ಬಿಳಿ ಮೈಯ ಮೇಲೆ ಕಪ್ಪು ಚುಕ್ಕೆಗಳನ್ನು ಹೊತ್ತು ಮನುಷ್ಯನ ನೋಟದಿಂದ ಎದುರಿಗಿರುವವರನ್ನು ನೋಡುತ್ತದೆ. ಸಾಮಾಜಿಕ ಅಸಮಾನತೆಯನ್ನು ನೇರವಾಗಿ ತೋರಿಸುವ ಕೃತಿಗಳೂ ಇವೆ. ಮಕ್ಕಳಿಲ್ಲದ ಕೋಟ್ಯಧೀಶ ದಂಪತಿಗಳನ್ನೂ ಮಕ್ಕಳನ್ನು ಕರೆದುಕೊಂಡಿರುವ ಬಡ ತಾಯಿಯನ್ನೂ ಎದುರುಬದುರಾಗಿ ನಿಲ್ಲಿಸಿರುವ ಚಿತ್ರ ಇದಕ್ಕೆ ಉದಾಹರಣೆ.

'ನಟಿ ಮಾರ್ಗರಿಟಾ' (1909) ಅವರ ಅತ್ಯಂತ ಪರಿಚಿತ ಕೃತಿಗಳಲ್ಲಿ ಒಂದು. ಟಿಬಿಲಿಸಿಗೆ ಬಂದಿದ್ದ ಫ್ರೆಂಚ್ ನಟಿಯೊಬ್ಬರಿಗಾಗಿ ಪಿರೊಸ್ಮಾನಿ ತಮ್ಮ ಆಸ್ತಿಯನ್ನೆಲ್ಲ ಮಾರಿ ಹೂವು ಕೊಂಡು ಬೀದಿ ತುಂಬಿಸಿದರೆಂಬ ಕಥೆ ಜನಪ್ರಿಯವಾಗಿದೆ. ಇದೊಂದು ದಂತಕಥೆ. ಆಂದ್ರೇ ವೊಜ್ನೆಸೆನ್ಸ್ಕಿ ರಚಿಸಿ, ರೈಮಂಡ್ಸ್ ಪೌಲ್ಸ್ ಅವರ ಸಂಗೀತದಲ್ಲಿ ಅಲ್ಲಾ ಪುಗಚೋವಾ ಹಾಡಿದ, ಹತ್ತು ಲಕ್ಷ ಗುಲಾಬಿಗಳನ್ನು ಕುರಿತ ರಷ್ಯನ್ ಗೀತೆಯಿಂದ ಈ ಕಥೆ ಸೋವಿಯತ್ ಒಕ್ಕೂಟದಾದ್ಯಂತ ಹರಡಿತು.

ಶೋಧ ಮತ್ತು ಮೊದಲ ಪ್ರದರ್ಶನಗಳು

1912ರಲ್ಲಿ ರಷ್ಯಾದ ಚಿತ್ರಕಾರ ಮಿಖಾಯಿಲ್ ಲೆ-ದಾಂತ್ಯು ಹಾಗೂ ಟಿಬಿಲಿಸಿಯ ಸಹೋದರರಾದ ಕಿರಿಲ್ ಮತ್ತು ಇಲ್ಯಾ ಜ್ದನೆವಿಚ್ ಪಾನಗೃಹದ ಗೋಡೆಯ ಮೇಲೆ ಈ ಚಿತ್ರಗಳನ್ನು ಕಂಡು ಬೆರಗಾದರು. ಅವರು ಪಾನಗೃಹದಿಂದ ಪಾನಗೃಹಕ್ಕೆ ಅಲೆದು ಚಿತ್ರಗಳನ್ನು ಸಂಗ್ರಹಿಸತೊಡಗಿದರು. 1913ರ ಆರಂಭದಲ್ಲಿ ಇಲ್ಯಾ ಜ್ದನೆವಿಚ್ ಟಿಬಿಲಿಸಿಯ ಪತ್ರಿಕೆಯೊಂದರಲ್ಲಿ ಪಿರೊಸ್ಮಾನಿ ಅವರನ್ನು ಪರಿಚಯಿಸಿ ಲೇಖನ ಬರೆದರು. ಆಗ ಲೇಖಕರ ವಯಸ್ಸು 18 ವರ್ಷ. ಚಿತ್ರಕಾರರ ವಯಸ್ಸು ಐವತ್ತು ದಾಟಿತ್ತು.

1913ರ ಮಾರ್ಚ್‌ನಲ್ಲಿ ಮಾಸ್ಕೋದಲ್ಲಿ ಮಿಖಾಯಿಲ್ ಲಾರಿಯೊನೊವ್ ಅವರು ಏರ್ಪಡಿಸಿದ 'ಗುರಿ' ಎಂಬ ಪ್ರದರ್ಶನದಲ್ಲಿ ಪಿರೊಸ್ಮಾನಿ ಅವರ ನಾಲ್ಕು ಕೃತಿಗಳನ್ನು ಇರಿಸಲಾಯಿತು. ನತಾಲಿಯಾ ಗೊಂಚಾರೊವಾ, ಕಾಜಿಮಿರ್ ಮಲೆವಿಚ್ ಮುಂತಾದ ನವ್ಯ ಕಲಾವಿದರ ಕೃತಿಗಳೂ ಅಲ್ಲಿದ್ದವು. ಐರೋಪ್ಯ ಶಾಸ್ತ್ರೀಯ ಶಿಕ್ಷಣದಿಂದ ಬಿಡಿಸಿಕೊಳ್ಳಲು ಹವಣಿಸುತ್ತಿದ್ದ ಈ ಕಲಾವಿದರಿಗೆ ನಾಮಫಲಕ ಮತ್ತು ಜನಪದ ಚಿತ್ರಗಳು ಹೊಸ ದಾರಿಯಾಗಿ ಕಂಡಿದ್ದವು. ಪಿರೊಸ್ಮಾನಿ ಅವರ ಸ್ಥಿತಿ ಬೇರೆಯಾಗಿತ್ತು. ನಾಮಫಲಕವು ಅವರಿಗೆ ಪ್ರಯೋಗವಾಗಿರಲಿಲ್ಲ, ಅದು ಅವರ ಹೊಟ್ಟೆಪಾಡು.

1916ರ ಮೇ ತಿಂಗಳಿನಲ್ಲಿ ಜ್ದನೆವಿಚ್ ಅವರ ಟಿಬಿಲಿಸಿಯ ಕಲಾಶಾಲೆಯಲ್ಲಿ ಪಿರೊಸ್ಮಾನಿ ಅವರ ಕೃತಿಗಳ ಒಂದು ದಿನದ ಪ್ರದರ್ಶನ ನಡೆಯಿತು. ಅದೇ ವರ್ಷ ದಿಮಿತ್ರಿ ಶೆವರ್ದ್ನಾಜೆ ಅವರ ನೇತೃತ್ವದಲ್ಲಿ ಸ್ಥಾಪನೆಯಾದ ಜಾರ್ಜಿಯನ್ ಕಲಾವಿದರ ಸಂಘವು ಅವರನ್ನು ತನ್ನ ಸಭೆಗೆ ಆಹ್ವಾನಿಸಿತು. ಊರಿನ ನಡುವೆ ದೊಡ್ಡ ಮರದ ಮನೆಯೊಂದನ್ನು ಕಟ್ಟಿ, ಎಲ್ಲರೂ ಸೇರಿ ಚಹಾ ಕುಡಿಯುತ್ತ ಕಲೆಯನ್ನು ಕುರಿತು ಮಾತನಾಡೋಣ ಎಂದು ಅವರು ಅಲ್ಲಿ ಹೇಳಿದರೆಂದು ಸಮಕಾಲೀನರ ನೆನಪುಗಳು ತಿಳಿಸುತ್ತವೆ. ಆದರೆ ಆ ಬಳಿಕ ಪತ್ರಿಕೆಯೊಂದು ಅವರ ಅಶಿಕ್ಷಿತತೆಯನ್ನು ಅಣಕಿಸುವ ವ್ಯಂಗ್ಯಚಿತ್ರವನ್ನು ಪ್ರಕಟಿಸಿತು. ಇದರಿಂದ ತೀವ್ರವಾಗಿ ನೊಂದ ಪಿರೊಸ್ಮಾನಿ ಕಲಾವಿದರ ಸಂಗದಿಂದ ದೂರ ಸರಿದರು.

ಅಂತಿಮ ವರ್ಷಗಳು

ಮೊದಲ ಮಹಾಯುದ್ಧದ ಆರಂಭದಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಮದ್ಯ ಮಾರಾಟಕ್ಕೆ ನಿರ್ಬಂಧ ಬಂದಿತು. ಪಾನಗೃಹಗಳ ವ್ಯಾಪಾರ ಕುಸಿದಂತೆ ಅವುಗಳನ್ನೇ ನಂಬಿದ್ದ ಪಿರೊಸ್ಮಾನಿ ಅವರ ಆದಾಯವೂ ಕುಸಿಯಿತು. ಅನಾರೋಗ್ಯ ಮತ್ತು ಹಸಿವಿನಿಂದ ಬಳಲಿದ ಅವರು 1918ರ ಏಪ್ರಿಲ್‌ನಲ್ಲಿ ಟಿಬಿಲಿಸಿಯಲ್ಲಿ ನಿಧನರಾದರು. ಅವರು ಕೊನೆಯ ದಿನಗಳಲ್ಲಿ ನೆಲಮಾಳಿಗೆಯ ಕೋಣೆಯೊಂದರಲ್ಲಿ ವಾಸವಾಗಿದ್ದರು. ಅವರ ಸಮಾಧಿಯ ನಿಖರ ಸ್ಥಳ ತಿಳಿದಿಲ್ಲ.

ಮರಣಾನಂತರದ ಪ್ರದರ್ಶನಗಳು ಮತ್ತು ಸಂಗ್ರಹಗಳು

1918ರ ಮೇ ತಿಂಗಳಿನಲ್ಲಿ ಜಾರ್ಜಿಯಾ ಸ್ವತಂತ್ರ ಗಣರಾಜ್ಯವಾಯಿತು. 1920ರಲ್ಲಿ ಟಿಬಿಲಿಸಿಯಲ್ಲಿ ರಾಷ್ಟ್ರೀಯ ಚಿತ್ರಶಾಲೆ ಆರಂಭವಾಯಿತು. ಇದರ ಸ್ಥಾಪಕರಾದ ದಿಮಿತ್ರಿ ಶೆವರ್ದ್ನಾಜೆ ಪಿರೊಸ್ಮಾನಿ ಅವರ ಕೃತಿಗಳ ಸಂಗ್ರಹಕ್ಕೆ ಶ್ರಮಿಸಿದರು. ಅಡುಗೆಯ ಹೊಗೆ, ತೇವ ಮತ್ತು ಅಂಗಡಿಗಳ ಬದಲಾವಣೆಯಿಂದ ಅನೇಕ ಚಿತ್ರಗಳು ಅಷ್ಟರಲ್ಲಿಯೇ ನಾಶವಾಗಿದ್ದವು. ಶೆವರ್ದ್ನಾಜೆ ಅವರನ್ನು 1937ರಲ್ಲಿ ಸ್ಟಾಲಿನ್ ಆಡಳಿತವು ಮರಣದಂಡನೆಗೆ ಗುರಿಪಡಿಸಿತು. ಇಂದು ಚಿತ್ರಶಾಲೆಗೆ ಅವರ ಹೆಸರನ್ನೇ ಇಡಲಾಗಿದೆ. ಪಿರೊಸ್ಮಾನಿ ಅವರ ಉಳಿದ ಕೃತಿಗಳ ಬಹುಪಾಲು ಜಾರ್ಜಿಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಧೀನದಲ್ಲಿದೆ. ಸಿಘ್ನಾಘಿ ಪಟ್ಟಣ ಮತ್ತು ಮಿರ್ಜಾನಿ ಹಳ್ಳಿಯ ವಸ್ತುಸಂಗ್ರಹಾಲಯಗಳಲ್ಲಿಯೂ ಅವರ ಕೃತಿಗಳನ್ನು ನೋಡಬಹುದು.

1969ರಲ್ಲಿ ಪ್ಯಾರಿಸ್‌ನ ಲೂವ್ರ್ ಅರಮನೆಯಲ್ಲಿ ನಡೆದ ಪ್ರದರ್ಶನವು ಪಶ್ಚಿಮ ಯುರೋಪಿಗೆ ಅವರ ಕಲೆಯನ್ನು ವ್ಯಾಪಕವಾಗಿ ಪರಿಚಯಿಸಿತು. 1972ರಲ್ಲಿ ಇಲ್ಯಾ ಜ್ದನೆವಿಚ್ ತಮ್ಮ ಹಳೆಯ ಲೇಖನವನ್ನು ಪ್ಯಾರಿಸ್‌ನಲ್ಲಿ ಪುಸ್ತಕವಾಗಿ ಹೊರತಂದಾಗ ಪಾಬ್ಲೊ ಪಿಕಾಸೊ ಅದಕ್ಕಾಗಿ ಪಿರೊಸ್ಮಾನಿ ಅವರ ಭಾವಚಿತ್ರವನ್ನು ಕೊರೆದುಕೊಟ್ಟರು. ಇತ್ತೀಚಿನ ಪ್ರಮುಖ ಪ್ರದರ್ಶನಗಳು ಇಂತಿವೆ:

- ಆಲ್ಬರ್ಟಿನಾ, ವಿಯೆನ್ನಾ (2018–19). ಇಲ್ಲಿ ಜಪಾನಿನ ವಾಸ್ತುಶಿಲ್ಪಿ ತದಾವೊ ಆಂಡೊ ಅವರು ಪಿರೊಸ್ಮಾನಿ ಗೌರವಾರ್ಥ ರೂಪಿಸಿದ ಮೇಜನ್ನೂ ಇರಿಸಲಾಗಿತ್ತು.
- ವಿನ್ಸೆಂಟ್ ವ್ಯಾನ್ ಗೋ ಪ್ರತಿಷ್ಠಾನ, ಆರ್ಲ್, ಫ್ರಾನ್ಸ್ (2019).
- ಲೂಯಿಸಿಯಾನಾ ಆಧುನಿಕ ಕಲಾ ವಸ್ತುಸಂಗ್ರಹಾಲಯ, ಡೆನ್ಮಾರ್ಕ್ (2023).
- ಬೇಯೆಲರ್ ಪ್ರತಿಷ್ಠಾನ, ಬಾಸೆಲ್ ಸಮೀಪ, ಸ್ವಿಟ್ಜರ್ಲೆಂಡ್ (2023–24).

ಪ್ರಭಾವ

ಲಾದೊ ಗುದಿಯಾಶ್ವಿಲಿ (1896–1980), ದಾವಿದ್ ಕಾಕಾಬಾಜೆ (1889–1952) ಮೊದಲಾದ ನಂತರದ ಪೀಳಿಗೆಯ ಜಾರ್ಜಿಯನ್ ಚಿತ್ರಕಾರರು ಪ್ಯಾರಿಸ್‌ನಲ್ಲಿ ನೆಲೆಸಿ ಯುರೋಪಿನ ಹೊಸ ಕಲೆಯನ್ನು ಹತ್ತಿರದಿಂದ ಕಂಡರು. ಸ್ವದೇಶಿ ಆಧುನಿಕ ಕಲೆಗೆ ಬೇರಿದೆ ಎಂಬ ವಿಶ್ವಾಸವನ್ನು ಈ ಪೀಳಿಗೆಗೆ ನೀಡಿದವರಲ್ಲಿ ಪಿರೊಸ್ಮಾನಿ ಮುಖ್ಯರು. ಗಿಯೋರ್ಗಿ ಶೆಂಗೆಲಾಯಾ 1969ರಲ್ಲಿ ಅವರ ಜೀವನವನ್ನು ಆಧರಿಸಿ 'ಪಿರೊಸ್ಮಾನಿ' ಚಲನಚಿತ್ರವನ್ನು ನಿರ್ದೇಶಿಸಿದರು. ಸೆರ್ಗೆಯ್ ಪರಜಾನೊವ್ 1985ರಲ್ಲಿ ಅವರ ಚಿತ್ರಗಳನ್ನು ಕುರಿತು ಕಿರುಚಿತ್ರವೊಂದನ್ನು ನಿರ್ಮಿಸಿದರು. ಊಟಕ್ಕಾಗಿ ಚಿತ್ರ ಬರೆದುಕೊಡುತ್ತಿದ್ದ ಈ ಕಲಾವಿದರ ಭಾವಚಿತ್ರ ಸ್ವತಂತ್ರ ಜಾರ್ಜಿಯಾದ ಒಂದು ಲಾರಿ ನೋಟಿನ ಮೇಲೆ ಮುದ್ರಿತವಾಗಿದೆ.